ಮ್ಯಾಜಿಕ್ ಹುಚ್ಚೀರಪ್ಪ, ಮ್ಯಾಜಿಕಲ್ ಅಂದಪ್ಪ

ಬೆಟಗೇರಿಯ ಹುಚ್ಚೀರಪ್ಪ ಈ ಲೋಕದಲ್ಲಿ ಎರಡನ್ನು ಮಾತ್ರ ಜೋಪಾನವಾಗಿ ಕಾಪಾಡಿಕೊಂಡು ಬಂದ. ಒಂದು, ತಾನು ಮಾಡುತ್ತಿದ್ದ ಹಲ್ಲಿನ ಪುಡಿ. ಇನ್ನೊಂದು, ಹೆಂಡತಿಯ ತಮ್ಮ ಅಂದಪ್ಪನ ಮೇಲಿನ ಸಿಟ್ಟು. ಪುಡಿಗೆ ಮಳೆಗಾಲದಲ್ಲಿ ಒಮ್ಮೊಮ್ಮೆ ತೇವ ಹಿಡಿಯುತ್ತಿತ್ತು. ಸಿಟ್ಟಿಗೆ ಯಾವ ಕಾಲದಲ್ಲೂ ಹಿಡಿಯಲಿಲ್ಲ.

ಪುಡಿಯ ಬಗ್ಗೆ ಮೊದಲು ಹೇಳಬೇಕು. ಬಾದಾಮಿ ಸಿಪ್ಪೆಯನ್ನು ಹಿತ್ತಲಲ್ಲಿ ಸುಟ್ಟು, ಅಳಲೆಕಾಯಿ, ಲವಂಗ, ಉಪ್ಪು, ಕರ್ಪೂರ ಸೇರಿಸಿ ಕುಟ್ಟಿ, ನೇಕಾರರ ಓಣಿಯ ತೆಳ್ಳನೆಯ ಬಟ್ಟೆಯಲ್ಲಿ ಸೋಸುತ್ತಿದ್ದ. ಲವಂಗ ಹಾಕುವಾಗ ಅವನ ಕೈ ತಡೆಯುತ್ತಿರಲಿಲ್ಲ. ಅವನು ಬೆಟಗೇರಿಯಲ್ಲಿ ಡಬ್ಬಿಯ ಮುಚ್ಚಳ ತೆಗೆದರೆ ಗದಗ ಸ್ಟೇಷನ್ನಿನ ನೊಣಗಳು ಅಂಗಾತ ಬೀಳುತ್ತಿದ್ದವು. ಅಂತೂರ ಬೆಂತೂರದ ಒಬ್ಬ ಬೊಚ್ಚುಬಾಯಿ ಮುದುಕ, ಹಲ್ಲಿಲ್ಲದಿದ್ದರೂ ಹಟಕ್ಕೆ ಬಿದ್ದು ಒಸಡಿಗೇ ತಿಕ್ಕಿ ತಿಕ್ಕಿ ಅದನ್ನು ಫಳಫಳ ಹೊಳೆಯಿಸಿದ. ಕಡೆಗೆ ಕ್ಷೌರ ಮಾಡುವ ಊರ ಹಡಪದವನು ಗಿರಾಕಿಗೆ ಕನ್ನಡಿ ಹಿಡಿಯುವ ಬದಲು ಆ ಮುದುಕನ ಬಾಯಿ ತೆರೆಸಿ ನಿಲ್ಲಿಸುತ್ತಿದ್ದನಂತೆ. ನಾನು ನೋಡಿಲ್ಲ. ಆದರೆ ಹಡಪದವನ ಕನ್ನಡಿ ಆ ವರ್ಷ ಮಾರಾಟಕ್ಕಿತ್ತು, ಅದು ಖರೆ.

ಪುಡಿ ಇಷ್ಟು ಚಲೋ ಇದ್ದರೂ ಹುಚ್ಚೀರಪ್ಪನಿಗೆ ಮಾರಲು ಬರುತ್ತಿರಲಿಲ್ಲ. ಗಿರಾಕಿ ಬಂದರೆ ಮೊದಲು "ಹಲ್ಲು ತೋರಸ್ರಿ" ಅನ್ನುತ್ತಿದ್ದ. ಪಾಪ, ಅವರು ತೋರಿಸುತ್ತಿದ್ದರು. ಇವನು ಬಗ್ಗಿ ನೋಡಿ, "ಇವು ಹಲ್ಲೋ, ಹಳೇ ಅಗಸಿ ಬಾಗಲದ ಮೊಳೀನೋ? ಇಷ್ಟು ದಿನ ಏನ್ ತಿಕ್ಕಿದ್ರಿ, ಸಗಣಿ?" ಎಂದು ಕೇಳುತ್ತಿದ್ದ. ಹೀಗೆ ಕೇಳಿಸಿಕೊಂಡವರು ಮುಂದಿನ ಸಲ ಬೇವಿನ ಕಡ್ಡಿ ಹುಡುಕಿಕೊಂಡು ಹೋಗುತ್ತಿದ್ದರು.

ಅದಕ್ಕೇ ಮಾರುವ ಕೆಲಸ ಅಂದಪ್ಪನ ಪಾಲಿಗೆ ಬಂತು. ಹೆಂಡತಿ ಶಾರದವ್ವನ ಒಬ್ಬನೇ ತಮ್ಮ, ಊರು ಶಿರಹಟ್ಟಿ. ಅವನ ನಾಲಿಗೆಗೆ ಎಲುಬು ಇಲ್ಲದ್ದು ಒತ್ತಟ್ಟಿಗಿರಲಿ, ಬೆಲ್ಲದ ಪಾಕದಲ್ಲಿ ಅದ್ದಿ ತೆಗೆದಂತಿತ್ತು. ಲಕ್ಷ್ಮೇಶ್ವರದ ಬಸ್ಸು ಹತ್ತಿದರೆ ಶಿರಹಟ್ಟಿ ಬರುವಷ್ಟರಲ್ಲಿ ಚೀಲ ಖಾಲಿ. ಒಮ್ಮೆ ಮುಂಡರಗಿ ಬಸ್ಸಿನ ಡ್ರೈವರ್ ಇವನ ಮಾತು ಕೇಳುತ್ತ ಕೇಳುತ್ತ ಮುಂಡರಗಿ ದಾಟಿ ಹೊಳೆಯ ದಂಡೆಯತನಕ ಹೋಗಿ, ಅಲ್ಲಿ ನೀರು ನೋಡಿ ಬ್ರೇಕ್ ಹಾಕಿದ.

ಹೆಸರಿನ ಕಥೆ ಹೀಗೆ. ಎಪ್ಪತ್ತೆರಡು, ಎಪ್ಪತ್ಮೂರರ ಸುಮಾರಿಗೆ ಗದಗಿನಲ್ಲಿ ಒಂದು ಜಾದೂ ಆಟ ಬಂದಿತ್ತು. ಅದರ ಜಾಹೀರಾತನ್ನು ಅಚ್ಚು ಹಾಕಿದವನು ಕರೀಮಸಾಬ. ಆಟ ಊರು ಬಿಟ್ಟ ಮೇಲೂ 'ಮ್ಯಾಜಿಕ್' ಎಂಬ ದೊಡ್ಡ ಇಂಗ್ಲಿಷ್ ಅಕ್ಷರಗಳು ಅವನ ಪ್ರೆಸ್ಸಿನಲ್ಲಿ ಜೋಡಿಸಿದ ಹಾಗೇ ಇದ್ದವು. ಹುಚ್ಚೀರಪ್ಪ ಲೇಬಲ್ ಮಾಡಿಸಲು ಹೋದಾಗ ಕರೀಮಸಾಬ, "ಇದ ಇರ್ಲಿ ತಗೋರಿ, ಬಿಚ್ಚೂ ತ್ರಾಸ ತಪ್ಪತೈತಿ" ಅಂದ. "ಅರ್ಥ ಏನಪಾ?" ಅಂತ ಇವನು ಕೇಳಿದ. "ಬೆರಗ ಆಗೂದು" ಅಂತ ಅವನು ಹೇಳಿದ. ಬೆರಗಾಗುವುದು ಹುಚ್ಚೀರಪ್ಪನಿಗೆ ಒಪ್ಪಿಗೆಯಾಯಿತು. ಡಬ್ಬಿಗಳ ಮೇಲೆ 'ಮ್ಯಾಜಿಕ್ ದಂತಮಂಜನ' ಬಂತು.

ಜಗಳ ಬಸ್ಸಿನಲ್ಲೇ ಹುಟ್ಟಿತು. ಒಂದು ದಿನ ಅಂದಪ್ಪ ಪುಡಿ ಮಾರುವಾಗ ಹಿಂದಿನ ಸೀಟಿನಲ್ಲಿ ಹುಚ್ಚೀರಪ್ಪ ಇದ್ದದ್ದನ್ನು ಗಮನಿಸಲಿಲ್ಲ. "ಅಕ್ಕಾರ, ಇದು ಹಲ್ಲಿಗಷ್ಟ ಅಲ್ರಿ. ತಲಿನೋವಿಗೆ ಹಣಿಗೆ ಹಚ್ಚರಿ. ಹೊಟ್ಟಿ ಕೆಟ್ರ ನೀರಾಗ ಹಾಕ್ಕೊಂಡ ಕುಡೀರಿ. ನಮ್ಮ ಓಣ್ಯಾಗ ಒಬ್ಬಾಕಿ ಸೀರಿ ಕಲೀ ಸುದ್ದಾ ತಗದ್ಲು" ಎನ್ನುತ್ತಿದ್ದ.

ಹುಚ್ಚೀರಪ್ಪ ಎದ್ದು ನಿಂತ. "ಅಂದಪ್ಪಾ, ಹಂಗಾರ ಬಸ್ಸು ಕೆಟ್ರ ಇಂಜಿನ್ನಿಗೂ ಹಾಕಸು. ಸುಳ್ಳ ಬೊಗಳೂ ನಾಯಿ. ನನ್ನ ಪುಡಿ ಹಲ್ಲ ತಿಕ್ಕಾಕ ಐತಿ. ಹಲ್ಲ ಬಿಟ್ಟ ಬ್ಯಾರೆ ಏನೂ ಮಾಡೂದುಲ್ಲ."

ತುಂಬಿದ ಬಸ್ಸು ನಕ್ಕಿತು. ಅಂದಪ್ಪ ಚೀಲವನ್ನು, ತಾನು ಮಾವ ಎಂದು ಕರೆಯುತ್ತಿದ್ದ ಅಕ್ಕನ ಗಂಡನ ಕಾಲ ಮೇಲೆ ಚೆಲ್ಲಿ, "ನಿನ್ನ ಪುಡಿ ಮಾರೀದ್ದು ಪುಡಿ ಅಲ್ಲೋ ಮಾವ, ನನ್ನ ಬಾಯಿ. ಬಾಯಿ ನನ್ನ ಕೂಡ ಬರತೈತಿ" ಎಂದು ಇಳಿದು ಹೋದ.

ಬಾಯಿಯ ಜೊತೆ ಪುಡಿಯ ಗುಟ್ಟನ್ನೂ ಒಯ್ದಿದ್ದ. ಲವಂಗ ಒಯ್ಯಲಿಲ್ಲ, ಅದು ತುಟ್ಟಿ. ಬಾದಾಮಿ ಸಿಪ್ಪೆಯ ಜಾಗಕ್ಕೆ ಶೇಂಗಾ ಸಿಪ್ಪೆ ಬಂತು. ಶಿರಹಟ್ಟಿಯಲ್ಲಿ ಒಲೆ ಹಚ್ಚಿ, ಕರೀಮಸಾಬನ ಹತ್ತಿರ ಬಂದು, "ಮಾವನ ಹೆಸರಿನಂಗ ಇರಬೇಕು, ಮಾವನ ಹೆಸರ ಇರಬಾರ್ದು" ಅಂದ. ಕರೀಮಸಾಬ ಖಾನೆ ತಡಕಾಡಿ, ಅದೇ ಶಬ್ದದ ಬಾಲಕ್ಕೆ ಖಾಲಿ ಬಿದ್ದಿದ್ದ ಎರಡು ಅಕ್ಷರ ಹಚ್ಚಿಕೊಟ್ಟ. ಹೀಗೆ 'ಮ್ಯಾಜಿಕಲ್ ದಂತಮಂಜನ' ಹುಟ್ಟಿತು.

ಕೊಳ್ಳುವವರಿಗೆ ಎರಡೂ ಒಂದೇ. ಓದಲು ಬಾರದವರು ಡಬ್ಬಿಯ ಬಣ್ಣ ನೋಡುತ್ತಿದ್ದರು, ಬಣ್ಣವೂ ಒಂದೇ. ವರ್ಷ ತುಂಬುವಷ್ಟರಲ್ಲಿ ಲಕ್ಷ್ಮೇಶ್ವರ, ಶಿರಹಟ್ಟಿ ಎರಡೂ ಅಂದಪ್ಪನ ಬಾಯಿಗೆ ಬಿದ್ದವು. ಹುಚ್ಚೀರಪ್ಪನ ಅಂಗಡಿಗೆ ಬಂದವರು ಡಬ್ಬಿ ವಾಪಸು ಚಾಚಿ, "ನಿಮ್ಮ ಪುಡಿ ಬರೇ ಬೂದಿ ಆಗೇತಲ್ರಿ" ಅನ್ನತೊಡಗಿದರು. ಅದು ಅಂದಪ್ಪನ ಡಬ್ಬಿ. ತನ್ನ ಹೆಸರಿನಲ್ಲಿ ಇನ್ನೊಬ್ಬನ ಬೂದಿಗೆ ಬೈಗುಳ ತಿನ್ನುವುದು ಹುಚ್ಚೀರಪ್ಪನಿಗೆ ಸಹಿಸಲಾಗಲಿಲ್ಲ. ಬೈಯುವುದು ತನ್ನ ಕೆಲಸ ಎಂದು ತಿಳಿದಿದ್ದ ಮನುಷ್ಯ.

ದೂರು ವ್ಯಾಪಾರಸ್ಥರ ಹಿರಿಯರ ಮುಂದೆ ಹೋಯಿತು. ಅವರಲ್ಲಿ ದೊಡ್ಡವರು ಎರಡೂ ಡಬ್ಬಿ ಮುಂದಿಟ್ಟುಕೊಂಡು ಹೇಳಿದರು: "ಎರಡೂ ಶಬ್ದ ಒಂದ ಇದ್ರ ಅಂದಪ್ಪ ಹೆಸರ ಬಿಡಬೇಕು. ಬ್ಯಾರೆ ಬ್ಯಾರೆ ಇದ್ರ ಇಬ್ಬರೂ ಮಾರ್ಕೋರಿ, ನಮ್ಮ ತಲಿ ತಿನಬ್ಯಾಡ್ರಿ. ಇಂಗ್ಲಿಷ್ ಬಲ್ಲವರನ್ನ ಕರಸ್ರಿ."

ಹುಚ್ಚೀರಪ್ಪನೇ ಶ್ರೀಪಾದರಾವ್ ಮಾಸ್ತರರನ್ನು ಕರೆದುಕೊಂಡು ಬಂದ. ನಿವೃತ್ತ ಇಂಗ್ಲಿಷ್ ಮಾಸ್ತರರು. ಅವರ ವ್ಯಾಕರಣ ಎಷ್ಟು ಬಿಗಿ ಅಂದರೆ, ಓಣಿಯ ಹಸುಗಳು ಅವರ ಮನೆ ಮುಂದೆ ಬಂದಾಗ ಪೂರ್ಣವಿರಾಮ ಕೊಟ್ಟು ಅಂಬಾ ಅನ್ನುತ್ತಿದ್ದವು. ಅವರು ಎರಡೂ ಡಬ್ಬಿ ಓದಿ, ಕನ್ನಡಕ ತೆಗೆದು, "ಒಂದು ಅಲ್ಲ" ಅಂದರು.

ಹುಚ್ಚೀರಪ್ಪ ಅವರ ಮುಖ ನೋಡಿದ. "ಮಾಸ್ತರ, ನಿಮ್ಮನ್ನ ಕರಕೊಂಡ ಬಂದಾಂವ ನಾ."

"ಕರಕೊಂಡ ಬಂದವರ ಕಡೆ ಇಂಗ್ಲಿಷ್ ವಾಲೂದಿಲ್ಲ, ಹುಚ್ಚೀರಪ್ಪ. ಕೇಳ್ರಿ. ಮ್ಯಾಜಿಕ್ ಜಮಖಾನಿ ಅಂದರ ಏನು? ಹಾರೂ ಜಮಖಾನಿ. ಅದರೊಳಗ ಮಂತ್ರಶಕ್ತಿ ಅದ ಅಂತ ಅರ್ಥ. ಮ್ಯಾಲೆ ಕೂತರ ಅದು ಹಾರಬೇಕು. ಮ್ಯಾಜಿಕಲ್ ಅನ್ನೂದು ಹಂಗಲ್ಲ. ಬೆಳದಿಂಗಳು ಮ್ಯಾಜಿಕಲ್ ಅದ ಅಂತಾರ. ಮಂತ್ರ ಹಾಕಿದಂಗ ಕಾಣಸ್ತದ, ಆದರ ಮಂತ್ರ ಯಾರೂ ಹಾಕಿರೂದಿಲ್ಲ. ಒಂದು ಖರೆ ಶಕ್ತಿ, ಒಂದು ಬರೇ ಸೊಗಸು."

"ಹಂಗಾರ ನನ್ನ ಪುಡಿ?"

"ನಿಮ್ಮ ಡಬ್ಬಿ ಹೇಳೋ ಪ್ರಕಾರ, ನಿಮ್ಮದು ಮಂತ್ರಿಸಿದ ಪುಡಿ. ಅಂದಪ್ಪಂದು ಮಂತ್ರಿಸಿದಂಥಾ ಪುಡಿ."

ಮಾಸ್ತರರು ಮಾಟ ಎಂಬ ಶಬ್ದವನ್ನು ಬಾಯಿಗೆ ತಂದಿರಲಿಲ್ಲ. ತರುವವನು ಪಕ್ಕದಲ್ಲೇ ಕುಳಿತಿದ್ದ. ಅಂದಪ್ಪ ಎದ್ದು ಹಿರಿಯರಿಗೆ ಕೈ ಮುಗಿದು, "ಕೇಳಿದ್ರಿಲ್ರಿ? ನಾ ಹೇಳ್ಲಿಲ್ಲ, ಇಂಗ್ಲಿಷ್ ಹೇಳ್ತು. ಮಾವಂದು ಮಾಟದ ಪುಡಿ. ಬಡವಂದು ಬರೇ ಸೊಗಸಿನ ಪುಡಿ" ಅಂದ.

"ನಿನ್ನ ಬಾಯಾಗ ಹುಳ ಬೀಳ್ಲಿ," ಅಂದ ಹುಚ್ಚೀರಪ್ಪ.

"ಬೀಳಸ್ತಾನ ನೋಡ್ರಿ ಮತ್ತ. ಅವಂಗ ಬರತೈತಿ," ಅಂದ ಅಂದಪ್ಪ.

ಆ ಸಂಜೆಯ ಬಸ್ಸುಗಳು ಜನರಿಗಿಂತ ಹೆಚ್ಚು ಈ ಮಾತನ್ನೇ ತುಂಬಿಕೊಂಡು ಹೊರಟವು. ಮುಂಡರಗಿಗೆ ಬಸ್ಸು ಮುಟ್ಟುವ ಮೊದಲೇ ಮಾತು ಮುಟ್ಟಿ, ನಿಲ್ದಾಣದಲ್ಲಿ ಕಾಲು ಚಾಚಿ ಕುಳಿತಿತ್ತು. ಬೆಟಗೇರಿಯ ಹುಚ್ಚೀರಪ್ಪ ಪುಡಿಯಲ್ಲಿ ಮಾಟ ಹಾಕುತ್ತಾನೆ. ಸುಡುವುದು ಬಾದಾಮಿ ಸಿಪ್ಪೆಯಲ್ಲ, ಬೇರೇನೋ. ಗಿರಾಕಿಯ ಹಲ್ಲನ್ನು ಮೊದಲು ನೋಡುವುದು ಸುಮ್ಮನೆ ಅಲ್ಲ, ಲೆಕ್ಕ ಇಟ್ಟುಕೊಳ್ಳಲು. ಹೆಂಗಸರು ಡಬ್ಬಿಗಳನ್ನು ಊರ ಹೊರಗಿನ ಹಳ್ಳಕ್ಕೆ ಎಸೆದರು. ಆ ಹಳ್ಳದ ಏಡಿಗಳು ಇವತ್ತಿಗೂ ಬಿಳಿ ಹಲ್ಲು ಕಿಸಿದು ಓಡಾಡುತ್ತವೆ ಎಂದು ಹೇಳುವವರಿದ್ದಾರೆ. ಏಡಿಗೆ ಹಲ್ಲಿಲ್ಲ ಎಂದು ಅವರಿಗೆ ಹೇಳಿ ಪ್ರಯೋಜನವಿಲ್ಲ.

ಓಣಿಯಲ್ಲಿ ಮಕ್ಕಳನ್ನು ಒಳಗೆ ಕರೆದುಕೊಳ್ಳತೊಡಗಿದರು. ಶಾರದವ್ವ ನೀರಿಗೆ ಹೋದರೆ ನಲ್ಲಿಯ ಹತ್ತಿರ ಮಾತು ನಿಲ್ಲುತ್ತಿತ್ತು. ಒಂದು ದಿನ ಖಾಲಿ ಕೊಡದೊಂದಿಗೆ ವಾಪಸು ಬಂದು ಗಂಡನ ಮುಂದೆ ಅದನ್ನು ಕುಕ್ಕಿದಳು.

"ನನ್ನ ಸರದಿ ಬಂದ್ರೂ ಯಾರೂ ಸರೀಲಿಲ್ಲ. ನಾ ಮುಟ್ಟಿದ ನಲ್ಲಿ ಅವ್ರು ಮುಟ್ಟೂದುಲ್ಲಂತ."

"ನಿನ್ನ ತಮ್ಮನ ಪ್ರತಾಪ," ಅಂದ ಹುಚ್ಚೀರಪ್ಪ.

"ನನ್ನ ತಮ್ಮ ಬಾಯಿ ಬಿಟ್ಟ. ಆ ಇಂಗ್ಲಿಷ್ ಮುದುಕನ್ನ ಕೈ ಹಿಡದ ಕರಕೊಂಡ ಹೋದಾವರು ಯಾರು?"

ಶಾರದವ್ವ ತಮ್ಮನ ಡಬ್ಬಿಯೊಂದನ್ನು ತರಿಸಿಕೊಂಡು, ಓದು ಬಲ್ಲ ಪಕ್ಕದ ಮನೆಯ ಮೋತಿಬಿಯಿಂದ ಮೂರು ಸಲ ಓದಿಸಿದಳು. ಮ್ಯಾಜಿಕಲ್. ಮ್ಯಾಜಿ-ಕಲ್. ಮರುದಿನ ನಲ್ಲಿಯ ಮುಂದೆ ಎಲ್ಲರಿಗೂ ಕೇಳುವಂತೆ, "ಇಂಗ್ಲಿಷ್ ನಮಗ ತಿಳೀವಲ್ದು ಖರೆ. ಕಲ್ ಅಂದ್ರ ಏನ ಅಂತ ಕನ್ನಡದಾಗರ ತಿಳೀತೈತಿಲ್ಲೊ? ನನ್ನ ತಮ್ಮ ಪುಡಿಗೆ ಕಲ್ಲ ಕುಟ್ಟಿ ಹಾಕ್ಯಾನ, ಅದನ್ನ ಡಬ್ಬಿ ಮ್ಯಾಲೆ ಬರದೂ ಬರದಾನ. ನಿಮ್ಮ ಹಲ್ಲು, ನಿಮ್ಮ ಇಷ್ಟ" ಎಂದಳು.

ಮಾಟದ ಮಾತು ಬಸ್ಸಿನಲ್ಲಿ ಹೋಗಿತ್ತು, ಕಲ್ಲಿನ ಮಾತು ಬಸ್ಸನ್ನು ಹಿಂದೆ ಹಾಕಿತು. ಶಿರಹಟ್ಟಿಯಲ್ಲಿ ಒಬ್ಬ ತನ್ನ ಅಲ್ಲಾಡುವ ಹಲ್ಲನ್ನು ಅಂದಪ್ಪನ ಅಂಗಡಿಯ ಮುಂದೆ ಉಗುಳಿ, "ಕಟ್ಟಿಕೊಡು ಇದನ್ನ" ಅಂದ. ಆ ಹಲ್ಲು ತಾನಾಗಿ ಬೀಳಲು ನಿಂತು ಬಹಳ ದಿನವಾಗಿತ್ತು, ಆದರೆ ಬೀಳಲು ಒಂದು ಕಾರಣ ಸಿಕ್ಕಿದ್ದಕ್ಕೆ ಅದಕ್ಕೂ ಸಮಾಧಾನವಾಗಿರಬೇಕು.

ಇತ್ತ ಬೆಟಗೇರಿಯಲ್ಲಿ ಹೊಸ ಪೀಡೆ ಶುರುವಾಯಿತು. ಹಲ್ಲು ತಿಕ್ಕುವವರು ಹೋದರು, ಮಾಟ ಬೇಕಾದವರು ಬಂದರು. ಮೊದಲು ಬಂದವಳು ಮುಂಡರಗಿಯ ರೇಣುಕವ್ವ. ಸೆರಗು ತಲೆಯ ಮೇಲೆ ಎಳೆದುಕೊಂಡು, "ಯಪ್ಪಾ, ನಮ್ಮತ್ತಿ ನಾಲಿಗಿ ಸ್ವಲ್ಪ ಕಟ್ಟಬೇಕಾಗಿತ್ತು" ಅಂದಳು.

"ಹಲ್ಲಿಗೆ ಹಚ್ಚೂದವ್ವ ಇದು."

"ಹಲ್ಲಿಗೆ ಹಚ್ಚಿದ್ರ ನಾಲಿಗಿ ದೂರ ಏನೈತ್ರಿ?"

ಅವಳನ್ನು ಬೈದು ಕಳಿಸಿದ. ಬೈದದ್ದೇ ತಪ್ಪಾಯಿತು. ಖರೆ ಮಾಟಗಾರ ಮೊದಲು ಬೈಯುತ್ತಾನೆ, ಆಮೇಲೆ ಕೊಡುತ್ತಾನೆ ಎಂದು ಹೆಸರಾಯಿತು. ಹಿರೇಹಂದಿಗೋಳದಿಂದ ಒಬ್ಬ ಪಕ್ಕದ ಹೊಲದವನ ಬೆಳೆಗೆ ಚೆಲ್ಲಲು ಪುಡಿ ಕೇಳಿದ. ಇನ್ನೊಬ್ಬ ಇಲೆಕ್ಷನ್ನಿಗೆ ನಿಂತವನು ಎದುರಾಳಿಯ ಚಪ್ಪಲಿಯಲ್ಲಿ ಹಾಕಲು ಕೇಳಿದ. ಹುಚ್ಚೀರಪ್ಪ ಎಷ್ಟು ಒದರಿದರೂ ಅಷ್ಟು ನಂಬಿಗೆ. ಹಲ್ಲಿಗೇ ಎಂದು ಸುಳ್ಳು ಹೇಳಿ ಒಯ್ಯುವವರಿಂದ ಡಬ್ಬಿಗಳು ಮೊದಲಿಗಿಂತ ಹೆಚ್ಚು ಖರ್ಚಾಗುತ್ತಿದ್ದವು, ಆದರೆ ಒಂದು ಚಿಟಿಕೆಯೂ ಯಾರ ಹಲ್ಲಿಗೂ ಮುಟ್ಟುತ್ತಿರಲಿಲ್ಲ.

"ಬಾದಾಮಿ ಸಿಪ್ಪಿ ಸುಟ್ಟ, ಬಟ್ಟಿಲೆ ಸೋಸಿ, ಲವಂಗ ಅರದ," ಎಂದು ಅವನು ಒಲೆಯ ಮುಂದೆ ಕುಳಿತು ಹಲುಬುತ್ತಿದ್ದ, "ಮಂದಿ ಹೊಸ್ತಿಲ ಕೆಳಗ ಹುಗಸಾಕ ಮಾಡಲೇನು ನಾ?"

"ಹೊಟ್ಟಿ ತುಂಬತೈತಿಲ್ಲೊ," ಅಂದಳು ಶಾರದವ್ವ.

"ನನ್ನ ಪುಡಿ ಹಲ್ಲಿಗೆ ಹತ್ತಬೇಕು. ಹತ್ತದಿದ್ರ ಒಲಿ ಆರಸ್ತೀನಿ."

ಈ ಹೊಸ ವ್ಯಾಪಾರದ ಖಬರು ಶಿರಹಟ್ಟಿಗೆ ಹೋಯಿತು. ಕಲ್ಲು ಬಿದ್ದು ಕುಳಿತಿದ್ದ ಅಂದಪ್ಪ ತನ್ನ ಡಬ್ಬಿಗಳ ಮೇಲಿನ ಬಾಲದ ಎರಡು ಅಕ್ಷರಕ್ಕೆ ಡಾಂಬರು ಬಳಿದ. ಉಳಿದದ್ದನ್ನು ಹೇಗೆ ಓದಿದರೂ ಮ್ಯಾಜಿಕ್. ಹುಚ್ಚೀರಪ್ಪ ಎದೆ ಬಡಿದುಕೊಂಡು ಮತ್ತೆ ಹಿರಿಯರ ಮುಂದೆ ಹೋದ.

"ಏನಪಾ ಅಂದಪ್ಪ, ಅವತ್ತ ಬ್ಯಾರೆ ಬ್ಯಾರೆ ಅಂದಿದ್ದಿ," ಅಂದರು ದೊಡ್ಡವರು.

ಅಂದಪ್ಪ ಬೆಣ್ಣೆಯಂಥ ದನಿಯಲ್ಲಿ, "ಸಣ್ಣಾಂವ, ತಪ್ಪಿದೆ. ಎರಡೂ ಶಬ್ದ ಒಂದ ಅಂತ ಮಾವ ಅವತ್ತ ಹೇಳಿದ್ದ. ದೊಡ್ಡವರ ಮಾತು. ಈಗ ನಾನೂ ಒಪ್ಪತೀನಿ, ಒಂದ" ಅಂದ.

"ಒಂದು ಅಲ್ಲ," ಎಂದು ಶ್ರೀಪಾದರಾವ್ ಮಾಸ್ತರರು ಬಾಯಿ ಹಾಕಿದರು. ಅವರನ್ನು ಈ ಸಲ ಯಾರೂ ಕರೆದಿರಲಿಲ್ಲ.

ಒಂದೇ ಆದರೆ ಹೆಸರು ಹುಚ್ಚೀರಪ್ಪನದು ಎಂದು ಹಿರಿಯರು ಮೊದಲೇ ಹೇಳಿದ್ದರಿಂದ ಎಲ್ಲರೂ ಅವನ ಕಡೆ ನೋಡಿದರು. ಶಬ್ದ ನನ್ನದು ಅಂದರೆ ಮಾಟದ ವ್ಯಾಪಾರವೂ ತನ್ನದೇ ಎಂದು ಸಹಿ ಹಾಕಿದಂತೆ. ಬಿಟ್ಟರೆ ಅಂದಪ್ಪ ಗೆದ್ದಂತೆ. ಅವನು ತುಸು ಹೊತ್ತು ತನ್ನ ಡಬ್ಬಿಯನ್ನು ಉಗುರಿನಿಂದ ಕೆರೆದ. ಲೇಬಲ್ಲಿನ ಮೊದಲ ಅಕ್ಷರ ಕಿತ್ತು ಬಂತು.

"ಅವಂಗ ಕೊಟ್ಟೆ ಈ ಶಬ್ದ. ಬಾಲ ಸಹಿತ, ಬಾಲಿಲ್ದ, ಹೆಂಗ ಬೇಕಾದಂಗ ಹಾಕ್ಕೊಳ್ಳಿ. ಇವತ್ತಿನಿಂದ ಮಾಟ ಬೇಕಾದಾವರು ಶಿರಹಟ್ಟಿಗೆ ಹೋಗ್ರಿ. ನನ್ನ ಮನಿಗೆ ಹಲ್ಲ ಇದ್ದಾವರು ಬರ್ರಿ."

ಕರೀಮಸಾಬನ ಪ್ರೆಸ್ಸಿನಲ್ಲಿ ಹೊಸ ಲೇಬಲ್ ಆಯಿತು. "ಏನ ಹಾಕೂದು?" "ಹಲ್ಲಿನ ಪುಡಿ ಅಂತ ಹಾಕು." "ಅದ ಸರಿ, ಹೆಸರು?" "ಅದ ಹೆಸರು." ಇಷ್ಟು ಸಣ್ಣ ಕೆಲಸಕ್ಕೆ ನಾಚಿಕೆಯಾಗಿ ಕರೀಮಸಾಬ ಮೂಲೆಯಲ್ಲೊಂದು ಹೂವು ಹಾಕಿಕೊಟ್ಟ.

ವ್ಯಾಪಾರ ನೆಲ ಕಚ್ಚಿತು. ಅಂದಪ್ಪನದು ಮುಗಿಲು ಮುಟ್ಟಿತು. ಅವನು ಮಾಟಕ್ಕೆ ಕಪ್ಪು ದಾರ ಸುತ್ತಿದ ಡಬ್ಬಿ, ಹಲ್ಲಿಗೆ ಸುತ್ತದ ಡಬ್ಬಿ ಎಂದು ಬೇರೆ ಮಾಡಿ, ಕಣ್ಣಿಗೆ ಕಾಡಿಗೆ ಹಚ್ಚಿಕೊಂಡು ಬಸ್ಸು ಹತ್ತುತ್ತಿದ್ದ. ಎಂಬತ್ತೆರಡರ ಬೇಸಿಗೆಯ ಒಂದು ದಿನ ಅಸುಂಡಿಯ ಯಮನೂರಸಾಬ ಸೈಕಲ್ ತುಳಿದು ಬೆಟಗೇರಿಗೆ ಬಂದ.

"ಹುಚ್ಚೀರಪ್ಪಾರ, ನಿಮ್ಮ ಹೇಣತಿ ತಮ್ಮನ್ನ ನಮ್ಮೂರಾಗ ಹಿಡದಾರ. ಮಾಳವ್ವನ ಎಮ್ಮಿ ಹಾಲು ನಿಂತೈತಿ. ಕೊಟ್ಟಿಗ್ಯಾಗ ಇವನ ಡಬ್ಬಿ ಸಿಕ್ಕೈತಿ. ಇದರಾಗ ಮಾಟಿಲ್ಲ ಅಂತ ಹೇಳೂ ಮನಶಾ ಮಾವ ಒಬ್ಬನ, ಅವನ್ನ ಕರಕೊಂಡ ಬಾ ಅಂತ ಅಂದಪ್ಪ ಅಳಾಕತ್ತಾನ. ಹೊಡಿಯಾಕ ಕಟ್ಟಿಗಿ ತಂದಿಟ್ಟಾರ್ರಿ ಮಂದಿ."

"ಹೊಡೀಲಿ," ಅಂದ ಹುಚ್ಚೀರಪ್ಪ.

ಶಾರದವ್ವ ಚಪ್ಪಲಿ ಮೆಟ್ಟಿಕೊಂಡಳು. "ನೀವು ಕುಂಡ್ರಿ. ನಾ ಹೋಗಿ ಹೇಳತೀನಿ."

"ನಿನ್ನ ಮಾತ ಯಾರ ಕೇಳತಾರ? ಅಕ್ಕ ಅಂತಾರ." ಅವನು ರುಮಾಲು ಸುತ್ತಿ, ಡಬ್ಬಿಗಳ ಚೀಲ ಹೆಗಲಿಗೆ ಹಾಕಿದ. "ನಾ ಬರತೀನಿ. ಅಲ್ಲಿ ನಾ ಏನ ಅಂದ್ರೂ ನೀ ನಡುವ ಬಾಯಿ ಹಾಕಬಾರ್ದು."

ಅಸುಂಡಿಯ ಕಟ್ಟೆಯ ಮೇಲೆ ಅಂದಪ್ಪ ಕುಳಿತಿದ್ದ. ಕಾಡಿಗೆ ಗಲ್ಲದತನಕ ಇಳಿದಿತ್ತು. ಸುತ್ತ ಊರು ನೆರೆದಿತ್ತು. ಅಂಥ ಗದ್ದಲದಲ್ಲೂ ಹುಚ್ಚೀರಪ್ಪ ಯಾರ ಮುಖವನ್ನೂ ನೋಡದೆ ನೇರ ಹೋಗಿ, ಕಪ್ಪು ದಾರದ ಡಬ್ಬಿಯನ್ನು ಎತ್ತಿಕೊಂಡು ಅಂಗೈಗೆ ಸುರಿದುಕೊಂಡ. ಮೂಸಿದ. ಮುಖ ಕಿವುಚಿದ. ಆಮೇಲೆ ಬೆರಳಿಗೆ ಹಚ್ಚಿಕೊಂಡು ಊರ ಮುಂದೆ ಗಸಗಸ ಹಲ್ಲು ತಿಕ್ಕಿದ. ಜನ ಹಿಂದೆ ಸರಿದರು. ಅವನು ಬೀಳುತ್ತಾನೆ ಎಂದು ಕಾದರು. ಅವನು ಉಗುಳಿದ.

"ಥೂ. ಶೇಂಗಾ ಸಿಪ್ಪಿ ಬೂದಿ. ಉಪ್ಪು. ಒಂದೀಟು ಸುಣ್ಣ. ಮುಗೀತು. ಲವಂಗಿಲ್ಲ, ಅಳಲಿಕಾಯಿಲ್ಲ, ಕರ್ಪೂರದ ವಾಸನಿ ಸುದ್ದಾ ಇಲ್ಲ. ಇದನ್ನ ಮಾಟ ಅಂತೀರಿ? ಮಾಟ ಮಾಡಾಕ ನಿಂಬಿಹಣ್ಣರ ಬೇಕಲ್ರಪಾ. ಲವಂಗ ಹಾಕಾಕ ಜೀವ ಒಲ್ಲದ ಜಿಪುಣ ಇಂವ, ನಿಂಬಿಹಣ್ಣ ಎಲ್ಲಿಂದ ತರತಾನ? ಇಂವಂಗ ಮಾಟ ಬರತಿದ್ರ ಮೊದಲ ಸಾಯತಿದ್ದಾಂವ ನಾ. ನೋಡ್ರಿ, ಗುಂಡಕಲ್ಲಿನಂಗ ನಿಂತೀನಿ. ಇದರಲೆ ಎಮ್ಮಿ ಹಾಲು ನಿಲ್ಲೂದು ದೂರ, ಹಲ್ಲಿನ ಕಿಟ್ಟ ಸುದ್ದಾ ಹೋಗೂದುಲ್ಲ."

ಯಾರೋ ಒಬ್ಬ ನಕ್ಕ. ನಗು ಕಟ್ಟಿಗೆ ಹಿಡಿದವರ ಕೈಗೂ ಇಳಿಯಿತು.

"ಮತ್ತ ನನ್ನ ಎಮ್ಮಿ ಹಾಲು ಎಲ್ಲಿ ಹೋತು?" ಎಂದು ಮಾಳವ್ವ ಮುಂದೆ ಬಂದಳು.

"ಅದನ್ನ ನಿನ್ನ ಸೊಸೀನ ಕೇಳವ್ವ," ಅಂದ ಹುಚ್ಚೀರಪ್ಪ.

ಸೊಸೆ ಅಲ್ಲೇ ಇದ್ದಳು. ಮುಂದಿನ ಜಗಳ ಬೇರೆ ಮನೆಯದು. ಊರಿನ ಕಿವಿಯೆಲ್ಲ ಅತ್ತ ತಿರುಗಿದಾಗ ಮೂವರೂ ಕಟ್ಟೆ ಇಳಿದು ಹೊರಟರು.

ರಸ್ತೆಗೆ ಬಂದ ಮೇಲೆ ಅಂದಪ್ಪ ಮುಖ ಒರೆಸಿಕೊಂಡು, "ಮಾವ, ಹತ್ತೂರ ಮುಂದ ಮಾನ ಕಳದೆಲ್ಲ. ಇನ್ನ ನನ್ನ ಪುಡಿ ಯಾರ ತಗೋತಾರ?" ಅಂದ.

"ಜೀವ ಉಳಸು ಅಂತ ಹೇಳಿ ಕಳಿಸಿದ್ದಿ. ಮಾನದ ಸುದ್ದಿ ಯಮನೂರಸಾಬ ಹೇಳ್ಲಿಲ್ಲ."

ಅವರಿಬ್ಬರ ನಡುವಿನ ಕಡೆಯ ಮಾತು ಇದೇ. ಬಸ್ಸು ಬಂದಾಗ ಹುಚ್ಚೀರಪ್ಪ ಮುಂದೆ ಕುಳಿತ, ಅಂದಪ್ಪ ಹಿಂದೆ. ಶಾರದವ್ವ ನಡುವಿನ ಸೀಟು ಹಿಡಿದಳು. ಹುಚ್ಚೀರಪ್ಪನ ಚೀಲದಲ್ಲಿ ಹೂವಿನ ಲೇಬಲ್ಲಿನ ಡಬ್ಬಿಗಳು ಇಣುಕುತ್ತಿದ್ದುದನ್ನು ಕಂಡು ಪಕ್ಕದ ಹೆಂಗಸೊಬ್ಬಳು, "ಏನ್ರೀ ಅದು?" ಎಂದು ಕೇಳಿದಳು.

"ಹಲ್ಲಿನ ಪುಡಿ."

"ಯಾತಕ್ಕ ಬರತೈತ್ರಿ?"

"ಹಲ್ಲಿಗೆ."

ಅವಳಿಗೆ ಇದು ಕಡಿಮೆ ಅನಿಸಿತು. ಮುಖ ಅತ್ತ ತಿರುಗಿಸಿದಳು. ಹಿಂದಿನ ಸೀಟಿನಲ್ಲಿ ಅಂದಪ್ಪನಿಗೆ ತಡೆಯಲಾಗಲಿಲ್ಲ. ಮಾರಾಟ ಕೆಡುವುದನ್ನು ನೋಡುತ್ತ ಕೂರುವ ಬಾಯಿ ಅಲ್ಲ ಅದು, ಹೊಗಳುವುದಕ್ಕಂತೂ ಸತ್ತರೂ ಸಿದ್ಧವಿರಲಿಲ್ಲ.

"ತಗೋಬ್ಯಾಡ್ರಿ ಅಕ್ಕಾರ," ಎಂದು ಕೂಗಿದ. "ಆ ಮನಶಾಗ ಬುದ್ಧಿ ಇಲ್ಲ. ಲವಂಗ ಹಿಡಿ ಹಿಡಿ ಸುರೀತಾನ. ಒಮ್ಮೆ ತಿಕ್ಕಿದ್ರ ಸಂಜೀತನಾ ಬಾಯಿ ಘಮ್ ಅಂತ ಹೊಡೀತೈತಿ, ತಡಕೊಳ್ಳಾಕ ಆಗೂದುಲ್ಲ."

ಹೆಂಗಸು ಮತ್ತೆ ಈ ಕಡೆ ತಿರುಗಿ, "ಒಂದು ಕೊಡ್ರಿ" ಅಂದಳು. ಹುಚ್ಚೀರಪ್ಪ ಹಿಂದೆ ತಿರುಗಿ ನೋಡಲಿಲ್ಲ. ಡಬ್ಬಿಯನ್ನು ಕೈಯಲ್ಲಿ ಹಿಡಿದು, "ಮೊದಲ ಹಲ್ಲು ತೋರಸ್ರಿ" ಅಂದ.